ಡೆಬ್ರಿಸ್ ಸಾಗಿಸುವವರ ರಿವ್ಯೂ: ರೇಟು ಕೇಳುವ ಮೊದಲು ‘ಎಲ್ಲಿ ಸುರಿಯುತ್ತೀರಿ’ ಅಂತ ಕೇಳಿ

ಮೊದಲೇ ಮಾರ್ಕ್ಸ್ ಕೊಟ್ಟುಬಿಡುತ್ತೇನೆ. ಐದಕ್ಕೆ ಮೂರೂವರೆ. ಕೆಲಸ ಆಯಿತು, ಒಡೆದ ಮನೆಯ ಡೆಬ್ರಿಸ್ ಹೋಗಬೇಕಾದ ಜಾಗಕ್ಕೇ ಹೋಯಿತು, ಕೈಯಲ್ಲಿ ತೂಕದ ಚೀಟಿಗಳೂ ಇವೆ. ಕಡಿಮೆಯಾದ ಒಂದೂವರೆ ಮಾರ್ಕ್ಸ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಅವರ ಜೊತೆ ಒಂದು ಸಣ್ಣ ಜಗಳ ಇನ್ನೂ ಬಾಕಿ ಇದೆ. ಅದೂ ಅಲ್ಲದೆ ಇಂಥ ಸರ್ವಿಸ್‌ನವರು ಈಗ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾರನ್ನು ಕರೆದರೂ ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಹನುಮಂತನಗರದಲ್ಲಿ ನಮ್ಮದು 30×40 ಸೈಟು. ಮುಂದಿನ ಭಾಗ ತಾತ ಕಟ್ಟಿಸಿದ್ದು. ಸುಣ್ಣದ ಗಾರೆ ಗೋಡೆ, ಮದ್ರಾಸ್ ಟೆರೇಸ್ (ಮರದ ಜಂತೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ತಾರಸಿ), ರೆಡ್ ಆಕ್ಸೈಡ್ ನೆಲ. ಹಿಂದೆ ಎಂಬತ್ತರ ದಶಕದಲ್ಲಿ ಸೇರಿಸಿದ ಎರಡು ರೂಮು, ಅದಕ್ಕೆ ಸಿಮೆಂಟ್ ಗೋಡೆ, ಆರ್‌ಸಿಸಿ ಮೋಲ್ಡ್. ಮೋಲ್ಡ್ ಮೇಲೊಂದು ಸಿಮೆಂಟ್ ಶೀಟಿನ ಶೆಡ್ಡು. ಎಲ್ಲ ಒಡೆದು ಹೊಸ ಪಾಯ ತೆಗೆಯಬೇಕು. ಕ್ರಾಸ್ ರಸ್ತೆ ಎಷ್ಟು ಕಿರಿದು ಅಂದರೆ ಎರಡೂ ಕಡೆ ಕಾರು ನಿಂತಿದ್ದರೆ ಆಟೋದವನೂ ಯೋಚನೆ ಮಾಡಿಯೇ ನುಗ್ಗಬೇಕು.

ಹಳೇ ಮನೆ ಒಡೆಯುವ ವ್ಯವಹಾರ ಒಂಥರಾ ತಮಾಷೆ. ಕೆಲಸ ಮಾಡಿಸುವವರು ನಾವು, ಆದರೆ ಎಷ್ಟೋ ಸಲ ಒಡೆಯುವವನೇ ನಮಗೆ ದುಡ್ಡು ಕೊಡುತ್ತಾನೆ. ತೇಗದ ಬಾಗಿಲು, ಜಂತೆ, ತೊಲೆ, ಚಪ್ಪಡಿ ಕಲ್ಲು, ಗ್ರಿಲ್ಲು, ಮೋಲ್ಡ್ ಒಳಗಿನ ಕಂಬಿ, ಎಲ್ಲಕ್ಕೂ ಗಿರಾಕಿ ಇದ್ದಾರೆ. ಗಾರೆ ಗೋಡೆಯ ಇಟ್ಟಿಗೆಗೂ ಬೆಲೆ ಇದೆ. ಗಾರೆ ಮೆತ್ತಗೆ, ಸುತ್ತಿಗೆಯಲ್ಲಿ ತಟ್ಟಿದರೆ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಸಿಮೆಂಟ್ ಗೋಡೆಯಲ್ಲಿ ಹಾಗಲ್ಲ, ಮೊದಲು ಒಡೆಯುವುದೇ ಇಟ್ಟಿಗೆ. ಇದೆಲ್ಲ ಮಾರಿದರೆ ಬರುವ ದುಡ್ಡನ್ನು ಲೆಕ್ಕ ಹಾಕಿಯೇ ಕಂಟ್ರಾಕ್ಟರ್ ರೇಟು ಹೇಳುತ್ತಾನೆ. ಯಾರಿಗೂ ಬೇಡವಾದದ್ದು ಅಂದರೆ ಉಳಿದ ಇಟ್ಟಿಗೆ ಚೂರು, ಪ್ಲಾಸ್ಟರ್, ಕಾಂಕ್ರೀಟ್ ತುಂಡು. ಅವನಿಗೆ ಅದು ಬರೀ ಖರ್ಚು. ಡೀಸೆಲ್ ಖರ್ಚು, ಡ್ರೈವರ್ ಬಾಟಾ, ಸುರಿಯುವ ಜಾಗಕ್ಕೆ ದುಡ್ಡು. ಹತ್ತಿರದಲ್ಲಿ ಸುರಿದಷ್ಟೂ ಅವನಿಗೆ ಲಾಭ. ಕೆರೆ ದಂಡೆಯಲ್ಲಿ, ರಾಜಕಾಲುವೆ ಪಕ್ಕದಲ್ಲಿ, ಖಾಲಿ ಸೈಟಿನಲ್ಲಿ ಬೆಳಗಾಗುವಷ್ಟರಲ್ಲಿ ಗುಡ್ಡೆ ಬಿದ್ದಿರುತ್ತಲ್ಲ, ಅದು ಹೇಗೆ ಬರುತ್ತದೆ ಅಂತ ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಮೊದಲು ಬಂದ ಕಂಟ್ರಾಕ್ಟರ್ ಮನೆ ಸುತ್ತಿ ನೋಡಿ, ಬಾಗಿಲು ತಟ್ಟಿ ನೋಡಿ, ತಾನೇ 40,000 ಕೊಟ್ಟು ಸೈಟು ಕ್ಲೀನ್ ಮಾಡಿಕೊಡುತ್ತೇನೆ ಅಂದ. ಡೆಬ್ರಿಸ್ ಎಲ್ಲಿ ಹಾಕ್ತೀರಿ ಅಂತ ಕೇಳಿದೆ. ‘ಔಟರ್‌ನಲ್ಲಿ ಹಾಕ್ತೀವಿ ಮೇಡಂ.’ ಔಟರ್ ಅಂದ್ರೆ ಎಲ್ಲಿ? ‘ಲೋ ಲೆವೆಲ್ ಸೈಟುಗಳು ಇರ್ತವೆ, ಓನರ್‌ಗಳೇ ಕೇಳಿ ಹಾಕಿಸ್ಕೋತಾರೆ.’ ಇದು ಪೂರ್ತಿ ಸುಳ್ಳಲ್ಲ. ತಗ್ಗಿನ ಸೈಟು ತುಂಬಿಸಲು ಡೆಬ್ರಿಸ್ ಹಾಕಿಸಿಕೊಳ್ಳುವವರು ನಿಜವಾಗಿಯೂ ಇದ್ದಾರೆ. ಆದರೆ ಈ ಊರಿನಲ್ಲಿ ತಗ್ಗು ಅಂದರೆ ಬಹಳ ಕಡೆ ನೀರು ಹರಿಯುವ ಜಾಗ, ಅಲ್ವಾ? ಆ ಸೈಟಿನ ಓನರ್ ಕೈಯಲ್ಲಿ ಒಂದು ಸಾಲು ಬರೆಸಿ ತನ್ನಿ ಅಂದೆ. ಮತ್ತೆ ಫೋನ್ ಬರಲಿಲ್ಲ.

ಆಮೇಲೆ ಮೇಸ್ತ್ರಿ ತನಗೆ ಗೊತ್ತಿರುವ ಟ್ರಾಕ್ಟರ್‌ನವನನ್ನು ಕರೆದುಕೊಂಡು ಬಂದ. ಲೋಡಿಗೆ 2,500. ಅದೇ ಪ್ರಶ್ನೆಗೆ ಅವನ ಉತ್ತರ, ‘ಅದೆಲ್ಲ ನೀವ್ಯಾಕೆ ತಲೆಬಿಸಿ ಮಾಡ್ಕೋತೀರಾ ಮೇಡಂ, ನೈಟ್ ಲೋಡ್ ಹೊಡೀತೀವಿ, ಬೆಳಿಗ್ಗೆ ನಿಮ್ ಸೈಟ್ ಖಾಲಿ.’ ಒಳ್ಳೆಯ ಮನುಷ್ಯನೇ, ಬೈಯುತ್ತಿಲ್ಲ. ಟ್ರಾಕ್ಟರ್ ಕಟ್ಟಿಕೊಂಡು ಊರಿನ ಇನ್ನೊಂದು ತುದಿಯ ಘಟಕಕ್ಕೆ ಹೋಗಿ ಬಂದರೆ 2,500ಕ್ಕೆ ಗಿಟ್ಟುವುದೇ ಇಲ್ಲ. ಆ ರೇಟು ಕೇಳಿದಾಗಲೇ ಲೋಡು ಎಷ್ಟು ದೂರ ಹೋಗುತ್ತದೆ ಅಂತ ಅಂದಾಜು ಸಿಗುತ್ತದೆ.

ಕೊನೆಗೆ ಒಪ್ಪಿಕೊಂಡದ್ದು ಈ ಏಜೆನ್ಸಿಯನ್ನು. ಇವರು ಮನೆ ಒಡೆಯುವುದಿಲ್ಲ, ಬರೀ ಸಾಗಿಸುತ್ತಾರೆ. ಒಡೆಯಲು ಬೇರೆ ತಂಡ ಹಿಡಿದೆವು. ಟನ್ ಲೆಕ್ಕದಲ್ಲಿ ಬಿಲ್ಲು, ಚಿಕ್ಕಜಾಲದ ಕಡೆ ಇರುವ ಕಟ್ಟಡ ತ್ಯಾಜ್ಯ ಸಂಸ್ಕರಣೆ ಘಟಕಕ್ಕೆ ಒಯ್ಯುತ್ತೇವೆ, ಪ್ರತಿ ಲೋಡಿಗೂ ವೇಬ್ರಿಡ್ಜ್ (ಗಾಡಿ ಸಮೇತ ತೂಗುವ ತಕ್ಕಡಿ) ಚೀಟಿ ಕೊಡುತ್ತೇವೆ ಅಂದರು. ಒಟ್ಟು ಖರ್ಚು ಟ್ರಾಕ್ಟರ್‌ಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಮನೆಯಲ್ಲಿ ಇದಕ್ಕೆ ಜಗಳವೇ ಆಯಿತು. ‘ಕಸಕ್ಕೆ ಇಷ್ಟು ದುಡ್ಡಾ’ ಅಂತ ಅಮ್ಮ. ನಮ್ಮ ಅತ್ತೆಯ ಪ್ರಶ್ನೆ ಇನ್ನೂ ಚೂಪು: ‘ಊರಲ್ಲಿ ಎಲ್ಲರೂ ಹಾಗೇ ಮಾಡೋದು, ನೀನೊಬ್ಬಳೇ ಯಾಕೆ?’

ಯಾಕೆ ಅಂದರೆ, ಒಂದು, ಕಾನೂನು. 2016ರ ಮಾರ್ಚ್‌ನಲ್ಲಿ ಕಟ್ಟಡ ತ್ಯಾಜ್ಯಕ್ಕೇ ಅಂತ ಕೇಂದ್ರ ಸರ್ಕಾರ ಬೇರೆ ನಿಯಮ ತಂದಿತು. ತ್ಯಾಜ್ಯ ಯಾರ ಸೈಟಿನದೋ ಅವರದೇ ಜವಾಬ್ದಾರಿ. ರಸ್ತೆಗೆ, ಚರಂಡಿಗೆ ಬೀಳುವ ಹಾಗಿಲ್ಲ. ಆ ನಿಯಮದಲ್ಲಿ ದಿನಕ್ಕೆ 20 ಟನ್ ಅಥವಾ ಒಂದು ಪ್ರಾಜೆಕ್ಟಿನಿಂದ ತಿಂಗಳಿಗೆ 300 ಟನ್ ದಾಟಿದರೆ ಕಾಂಕ್ರೀಟ್, ಮಣ್ಣು, ಇಟ್ಟಿಗೆ-ಗಾರೆ, ಕಬ್ಬಿಣ-ಮರ-ಪ್ಲಾಸ್ಟಿಕ್ ಅಂತ ಬೇರೆ ಬೇರೆ ಮಾಡಿಡಬೇಕಿತ್ತು. ಸ್ಥಳೀಯ ಸಂಸ್ಥೆಗೆ ಪ್ಲಾನ್ ಕೊಟ್ಟು ಒಪ್ಪಿಗೆಯನ್ನೂ ತೆಗೆದುಕೊಳ್ಳಬೇಕಿತ್ತು. 20 ಟನ್ ಅಂದರೆ ದೊಡ್ಡ ಅಪಾರ್ಟ್‌ಮೆಂಟಿನವರ ಲೆಕ್ಕ ಅಂತ ಅನ್ನಿಸುತ್ತದೆ. ಅಲ್ಲ. ಅದು ಐದಾರು ಟ್ರಾಕ್ಟರ್ ಲೋಡು ಅಷ್ಟೇ, ಜೆಸಿಬಿ ಬಂದ ದಿನ ನಮ್ಮಂಥ ಸಣ್ಣ ಮನೆಯೂ ದಾಟುತ್ತದೆ. 2025ರಲ್ಲಿ ಇದರ ಜಾಗಕ್ಕೆ ಹೊಸ ನಿಯಮ ಹೊರಡಿಸಿ, ಜಾರಿಗೆ 2026ರ ಏಪ್ರಿಲ್ 1 ಅಂತ ದಿನ ಗೊತ್ತು ಮಾಡಿದರು. ಅದರಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಪ್ರಾಜೆಕ್ಟುಗಳ ಮೇಲೆ ಹೊಣೆ ಜಾಸ್ತಿ. ಹಾಗಂತ ಚಿಕ್ಕ ಮನೆಯವರು ಎಲ್ಲಿ ಬೇಕಾದರೂ ಸುರಿಯಬಹುದು ಅಂತ ಯಾರೂ ಹೇಳಿಲ್ಲ. ಇನ್ನು ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದವಲ್ಲ, ಯಾವ ಕೆಲಸಕ್ಕೆ ಯಾವ ಪಾಲಿಕೆಯ ಯಾವ ಆಫೀಸಿಗೆ ಹೋಗಬೇಕು ಅಂತ ನಮ್ಮ ಕ್ರಾಸಿನವರಿಗೆ ಇನ್ನೂ ಗೊಂದಲ. ದಂಡ ಹಾಕುವವರಿಗೆ ಮಾತ್ರ ದಾರಿ ಚೆನ್ನಾಗಿ ಗೊತ್ತು.

ಎರಡನೇ ಕಾರಣ ಮಳೆ. ಹನುಮಂತನಗರ ಎತ್ತರದಲ್ಲಿದೆ, ನಮಗೇನೂ ಆಗಲ್ಲ. ಆದರೆ ನೀರು ಹರಿಯುವ ದಾರಿಗೆ ಡೆಬ್ರಿಸ್ ಸುರಿದರೆ ಆ ಕಡೆಯವರ ಮನೆಗೆ ನೀರು ನುಗ್ಗುತ್ತದೆ.

ಈಗ ಸರ್ವಿಸ್‌ಗೆ ಬರುತ್ತೇನೆ. ಮೊದಲು ಸೈಟು ನೋಡಲು ಬಂದ ಹುಡುಗ ಟೇಪು ಹಿಡಿದು ಬಂದ, ಅದೇ ನನಗೆ ಇಷ್ಟವಾದದ್ದು. ಉಳಿದವರೆಲ್ಲ ಗೇಟಿನಲ್ಲಿ ನಿಂತು ಕಣ್ಣಳತೆಯಲ್ಲೇ ಇಷ್ಟು ಲೋಡು ಅಂತ ಹೇಳಿದ್ದರು. ಇವನು ಗೋಡೆ ಉದ್ದ, ಎತ್ತರ, ದಪ್ಪ ಎಲ್ಲ ಅಳೆದ. ಆಮೇಲೆ ಒಂದು ವಿಷಯ ವಿವರಿಸಿದ, ಮನೆ ಕಟ್ಟಿಸುವವರೆಲ್ಲ ಇದನ್ನು ತಿಳಿದಿರಬೇಕು. ನಿಂತಿರುವ ಗೋಡೆಯ ಅಳತೆಯೇ ಬೇರೆ, ಒಡೆದ ಗುಡ್ಡೆಯ ಅಳತೆಯೇ ಬೇರೆ. 100 ಅಡಿ ಉದ್ದ, 10 ಅಡಿ ಎತ್ತರ, 9 ಇಂಚು ದಪ್ಪದ ಗೋಡೆ 750 ಘನ ಅಡಿ. ಒಡೆದು ಹಾಕಿದ ಮೇಲೆ ನಡುವೆ ಗಾಳಿ ಸೇರಿಕೊಂಡು ಅದೇ ಗೋಡೆ 1,000 ಘನ ಅಡಿ ದಾಟುತ್ತದೆ. ಮಡಿಚಿಟ್ಟ ಸೀರೆ ಬಿಚ್ಚಿ ಗುಡ್ಡೆ ಹಾಕಿದ ಹಾಗೆ. ಲೋಡು ಲೆಕ್ಕದಲ್ಲಿ ಮಾತಾಡಿದವರು ಕೊನೆಗೆ ‘ಮೇಡಂ, ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂತು’ ಅಂತ ಇನ್ನಷ್ಟು ದುಡ್ಡು ಕೇಳುವುದು ಈ ಜಾಗದಲ್ಲೇ. ಅದು ಯಾವಾಗಲೂ ಮೋಸ ಅಂತಲ್ಲ, ಆದರೆ ಮೊದಲೇ ಹೇಳಿರುವುದಿಲ್ಲ.

ಟನ್ ಲೆಕ್ಕದಲ್ಲಿ ಈ ತಕರಾರು ಇಲ್ಲ. ಗಾಳಿಗೆ ತೂಕ ಇಲ್ಲವಲ್ಲ. ಅಂದಾಜಿಗೆ ಇರಲಿ ಅಂತ ಹೇಳುತ್ತೇನೆ, 100 ಘನ ಅಡಿ ಇಟ್ಟಿಗೆ-ಕಾಂಕ್ರೀಟ್ ಡೆಬ್ರಿಸ್ ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ. ನೆನೆದಿದ್ದರೆ ಇನ್ನೂ ಜಾಸ್ತಿ. ಇಲ್ಲೊಂದು ಕಿಲಾಡಿತನವೂ ನಡೆಯಬಹುದು. ಧೂಳು ಏಳದಿರಲಿ ಅಂತ ನೀರು ಹೊಡೆಯಲೇಬೇಕು, ಆ ನೀರಿನ ತೂಕಕ್ಕೂ ನೀವೇ ದುಡ್ಡು ಕೊಡುತ್ತೀರಿ. ಹಾಗಾಗಿ ಒಡೆಯುವಾಗ ಚೆನ್ನಾಗಿ ನೀರು ಹೊಡೆಸಿ, ತುಂಬುವ ಮೊದಲು ಮೇಲೆ ಒಂದು ಚಿಮುಕಿಸಿದರೆ ಸಾಕು. ಪೈಪು ಹಿಡಿದು ತೊಯ್ಯಿಸಲು ಬಿಡಬೇಡಿ.

ಅವರು ಚೆನ್ನಾಗಿ ಮಾಡಿದ ಇನ್ನೊಂದು ಕೆಲಸ, ಬೇರ್ಪಡಿಸುವುದನ್ನು ಹಟ ಹಿಡಿದು ಮಾಡಿಸಿದ್ದು. ಮೊದಲಿಗೆ ನಮ್ಮ ಒಡೆಯುವ ತಂಡದವರಿಗೆ ಸಿಟ್ಟೇ ಬಂತು. ಹಿಂದಿನ ರೂಮಿನಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇತ್ತು. ಅದನ್ನು ಮೊದಲು ಕಳಚಿ ಮೂಟೆ ಕಟ್ಟಿ, ಆಮೇಲೆ ಗೋಡೆ ಒಡೀರಿ ಅಂದರು. ಕಾರಣ ಇದೆ. ಘಟಕದಲ್ಲಿ ಈ ತುಂಡುಗಳನ್ನೆಲ್ಲ ಪುಡಿ ಮಾಡಿ ಜಲ್ಲಿ, ಮರಳು ಮಾಡುತ್ತಾರೆ, ಅದರಿಂದ ಪೇವರ್, ಬ್ಲಾಕು ಆಗುತ್ತದೆ. ಅದಕ್ಕೆ ಜಿಪ್ಸಮ್ ಸೇರಿದರೆ ಅದರಲ್ಲಿನ ಸಲ್ಫೇಟ್ ಸಿಮೆಂಟನ್ನು ಕೆಡಿಸುತ್ತದೆ. ಮರದ ಚೂರು, ಪ್ಲಾಸ್ಟಿಕ್, ಬಟ್ಟೆ ಕೂಡ ಹಾಗೇ. ಕಂಬಿಯನ್ನು ಅಯಸ್ಕಾಂತ ಹಾಕಿ ಎತ್ತಬಹುದು, ಜಿಪ್ಸಮ್ ಪುಡಿಯನ್ನು ಎತ್ತಲು ಆಗುವುದಿಲ್ಲ. ಒಂದು ಮೂಟೆಯಿಂದ ಇಡೀ ಲೋಡು ಕೆಡುತ್ತದೆ.

ಶೆಡ್ಡಿನ ಶೀಟು ಇನ್ನೊಂದು ಕಥೆ. ಹಳೇ ಸಿಮೆಂಟ್ ಶೀಟು ಅಂದರೆ ಕಲ್ನಾರು, ಆಸ್ಬೆಸ್ಟಾಸ್. ಒಡೆದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುತ್ತದೆ, ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಡುಕು, ಕಾಯಿಲೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷ ಕಳೆದ ಮೇಲೆ. ನಮ್ಮ ತಂಡದ ಹುಡುಗರು ಅದನ್ನು ಮೇಲಿನಿಂದ ಎಸೆಯಲು ರೆಡಿ ಆಗಿದ್ದರು. ಏಜೆನ್ಸಿಯ ಸೂಪರ್‌ವೈಸರ್ ನಿಲ್ಲಿಸಿದ. ಶೀಟು ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಳಿಸಿ, ದಪ್ಪ ಪ್ಲಾಸ್ಟಿಕ್ ಸುತ್ತಿಸಿದ. ಹುಡುಗರಿಗೆ ಮಾಸ್ಕ್ ಕೊಡಿಸಿದ. ಶೀಟುಗಳನ್ನು ಡೆಬ್ರಿಸ್ ಜೊತೆ ಹಾಕದೆ ಬೇರೆ ಒಯ್ದರು, ಅದಕ್ಕೆ ಬೇರೆ ಚಾರ್ಜೂ ಹಾಕಿದರು. ಆ ದುಡ್ಡು ಕೊಡಲು ನನಗೆ ಬೇಜಾರಿಲ್ಲ. ಈ ಒಂದಕ್ಕೇ ನಾನು ಅರ್ಧ ಮಾರ್ಕ್ಸ್ ಜಾಸ್ತಿ ಕೊಟ್ಟಿರುವುದು.

ತೂಕದ ಚೀಟಿಯ ಬಗ್ಗೆ. ಪ್ರತಿ ಲೋಡಿಗೂ ಗಾಡಿ ನಂಬರು, ತುಂಬಿದ ತೂಕ, ಖಾಲಿ ತೂಕ, ಸಮಯ ಇರುವ ಚೀಟಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂತು. ಇಷ್ಟಕ್ಕೇ ಖುಷಿಪಡಬೇಡಿ, ಸಮಯ ನೋಡಿ. ನಮ್ಮ ಮನೆಯಿಂದ ಗಾಡಿ ಹೊರಟದ್ದಕ್ಕೂ ಅಲ್ಲಿ ತೂಗಿದ್ದಕ್ಕೂ ಹತ್ತು ನಿಮಿಷ ಅಂತರ ಇದ್ದರೆ ಅದು ಚಿಕ್ಕಜಾಲ ಅಲ್ಲ, ಪಕ್ಕದ ರಸ್ತೆಯ ವೇಬ್ರಿಡ್ಜ್. ಹನುಮಂತನಗರದಿಂದ ಬಳ್ಳಾರಿ ರಸ್ತೆ ಹಿಡಿದು ಅಷ್ಟು ದೂರ ಹೋಗಲು ರಾತ್ರಿಯಲ್ಲೂ ಹೊತ್ತು ಹಿಡಿಯುತ್ತದೆ. ಚೀಟಿಯ ಮೇಲೆ ಘಟಕದ ಹೆಸರೂ ಇರಬೇಕು, ಬರೀ ಯಾವುದೋ ತೂಕದ ಚೀಟಿ ಲೆಕ್ಕಕ್ಕಿಲ್ಲ. ನಮ್ಮವು ಸರಿ ಇದ್ದವು. ಒಂದು ಚೀಟಿಯ ಮೇಲೆ ಮಾತ್ರ ಬೇರೆ ಗಾಡಿಯ ನಂಬರು ಇತ್ತು. ಕೇಳಿದ್ದಕ್ಕೆ ಆ ಲೋಡನ್ನು ಮರುಮಾತಿಲ್ಲದೆ ಬಿಲ್ಲಿನಿಂದ ತೆಗೆದರು. ಮರುಮಾತಿಲ್ಲದೆ ತೆಗೆದದ್ದೇ ನನಗೆ ಸ್ವಲ್ಪ ಅನುಮಾನ, ಇರಲಿ.

ಇನ್ನು ಬೈಗುಳ. ಸಮಯಪಾಲನೆ ಸೊನ್ನೆ. ಊರೊಳಗೆ ಹಗಲಲ್ಲಿ ದೊಡ್ಡ ಗಾಡಿಗಳಿಗೆ ನಿರ್ಬಂಧ ಇದೆ, ರಾತ್ರಿಯೇ ಬರಬೇಕು, ಅದು ಒಪ್ಪಿದೆ. ಆದರೆ ಹತ್ತಕ್ಕೆ ಬರುತ್ತೇವೆ ಅಂದವರು ಒಂದು ಗಂಟೆಗೆ ಬಂದು, ಮಲಗಿದ ಬೀದಿಯಲ್ಲಿ ಕಾಂಕ್ರೀಟ್ ತುಂಡುಗಳನ್ನು ಖಾಲಿ ಟಿಪ್ಪರಿಗೆ ಎಸೆದರೆ ಹೇಗಿರುತ್ತದೆ? ಎದುರು ಮನೆ ಅಜ್ಜಿ ಬೆಳಿಗ್ಗೆ ಬಂದು ‘ಏನಮ್ಮ, ರಾತ್ರಿ ಭೂಕಂಪ ಆಯ್ತಾ’ ಅಂದರು. ಮೊದಲು ಮಣ್ಣು ಹಾಸಿ ಆಮೇಲೆ ದಪ್ಪ ತುಂಡು ಹಾಕಿದರೆ ಸದ್ದು ಎಷ್ಟೋ ಕಡಿಮೆ. ಇದನ್ನು ಸೂಪರ್‌ವೈಸರ್‌ಗೆ ನಾನು ಹೇಳಿಕೊಡಬೇಕಾಯಿತು. ಸಣ್ಣ ಟಿಪ್ಪರ್ ಕಳಿಸುತ್ತೇವೆ ಅಂತ ಸೈಟು ನೋಡಿದಾಗಲೇ ಮಾತಾಗಿತ್ತು. ಒಂದು ರಾತ್ರಿ ಸಣ್ಣದು ಸಿಗಲಿಲ್ಲ ಅಂತ ದೊಡ್ಡದನ್ನೇ ನುಗ್ಗಿಸಿದರು. ತುಂಬಿದ ಗಾಡಿ ತಿರುಗುವಾಗ ಚರಂಡಿ ಮೇಲಿನ ಎರಡು ಚಪ್ಪಡಿ ಮುರಿದವು, ಪಕ್ಕದ ಮನೆಯವರ ನೀರಿನ ಪೈಪು ಕೂಡ ಹೋಯಿತು. ಪೈಪಿನ ಖರ್ಚು ಮರುದಿನವೇ ಕೊಟ್ಟರು. ಚಪ್ಪಡಿ ಮಾತ್ರ ‘ಅದು ಮೊದಲೇ ಬಿರುಕು ಬಿಟ್ಟಿತ್ತು’ ಅಂತ ಜಾರಿಕೊಂಡರು. ಇದೇ ಬಾಕಿ ಇರುವ ಜಗಳ. ಗಾಡಿ ಬರುವ ಮೊದಲು ರಸ್ತೆ, ಚರಂಡಿ, ಪಕ್ಕದ ಕಾಂಪೌಂಡ್ ಎಲ್ಲದರ ಫೋಟೋ ತೆಗೆದಿಟ್ಟಿದ್ದೆ, ಅದನ್ನು ಕಳಿಸಿದ ಮೇಲೆ ಈಗ ದನಿ ಸ್ವಲ್ಪ ಮೆತ್ತಗಾಗಿದೆ.

ಟಾರ್ಪಾಲ್ ಬಗ್ಗೆಯೂ ಹೇಳಬೇಕು. ಹೇಳಿದರೆ ಹೊದಿಸುತ್ತಾರೆ, ಹೇಳದಿದ್ದರೆ ಗಾಡಿಯ ಮೂಲೆಯಲ್ಲಿ ಸುತ್ತಿಟ್ಟಿರುತ್ತಾರೆ. ಒಡೆಯುವ, ಕಟ್ಟುವ ಸೈಟುಗಳಲ್ಲಿ ಧೂಳು ತಡೆಯಲು ನೀರು ಹೊಡೆಯಬೇಕು, ಮರೆ ಕಟ್ಟಬೇಕು, ಸಾಗಿಸುವ ಗಾಡಿ ಮುಚ್ಚಿರಬೇಕು ಅಂತ 2018ರಲ್ಲೇ ನಿಯಮ ಬಂದಿದೆ. ಮರೆಗೆ ಹಸಿರು ನೆಟ್ ನಾವೇ ಕಟ್ಟಿಸಿದೆವು. ಅದೇನು ದೊಡ್ಡ ಖರ್ಚಲ್ಲ, ಬಟ್ಟೆ ಒಣಗಿಸುವ ಅಕ್ಕಪಕ್ಕದವರ ಬೈಗುಳ ಅರ್ಧ ಕಡಿಮೆಯಾಗುತ್ತದೆ.

ದುಡ್ಡು ಉಳಿಸಬೇಕು ಅನ್ನುವವರಿಗೆ ಒಂದು ಮಾತು. ಸಾಗಿಸುವ ರೇಟು ಚೌಕಾಸಿ ಮಾಡುವುದಕ್ಕಿಂತ ಸಾಗಿಸುವ ಮಾಲನ್ನೇ ಕಡಿಮೆ ಮಾಡಿ. ಹಳೇ ಮನೆಯ ಸೈಜು ಕಲ್ಲನ್ನು ಮಾರಲಿಲ್ಲ, ಹೊಸ ಕಾಂಪೌಂಡಿನ ಪಾಯಕ್ಕೆ ಇಟ್ಟುಕೊಂಡೆವು. ಇಡೀ ಇಟ್ಟಿಗೆಗಳಲ್ಲಿ ಒಂದಷ್ಟನ್ನು ಸಂಪಿನ ಪಕ್ಕದ ತಾತ್ಕಾಲಿಕ ಗೋಡೆಗೆ ಬಳಸಿದೆವು. ಇಟ್ಟಿಗೆ ಚೂರಿನಲ್ಲಿ ಚೆನ್ನಾಗಿರುವುದನ್ನು ಆರಿಸಿ ಹಿಂದಿನ ಖಾಲಿ ಜಾಗದಲ್ಲಿ ಗುಡ್ಡೆ ಹಾಕಿಸಿದ್ದೇನೆ, ತಾರಸಿಯ ಇಟ್ಟಿಗೆ ಜಲ್ಲಿಗೆ ಬರುತ್ತದೆ. ನೆಲದ ಮಟ್ಟ ಏರಿಸಲು ತುಂಬುವುದಕ್ಕೂ ಒಡೆದ ಕಾಂಕ್ರೀಟ್, ಇಟ್ಟಿಗೆ ಆಗುತ್ತದೆ, ಪದರ ಪದರವಾಗಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿಸಬೇಕು ಅಷ್ಟೇ. ಅದರಲ್ಲಿ ಮರದ ಚೂರು ಮಾತ್ರ ಇರಬಾರದು, ಗೆದ್ದಲಿಗೆ ನೀವೇ ಊಟ ಹಾಕಿದ ಲೆಕ್ಕ. ಎಷ್ಟು ತುಂಬಬಹುದು ಅಂತ ಮೇಸ್ತ್ರಿಯನ್ನಲ್ಲ, ಇಂಜಿನಿಯರನ್ನು ಕೇಳಿ.

ಮರುಬಳಕೆಯ ಜಲ್ಲಿ ಅಂದರೆ ಈಗಲೂ ಮುಖ ಸಿಂಡರಿಸುವವರು ಇದ್ದಾರೆ. ನಮ್ಮ ಮೇಸ್ತ್ರಿಯೂ ಅವರಲ್ಲೊಬ್ಬ. ಐಎಸ್ 383 ಅನ್ನುವ ಜಲ್ಲಿ-ಮರಳಿನ ಮಾನದಂಡವನ್ನು 2016ರಲ್ಲಿ ಪರಿಷ್ಕರಿಸಿದಾಗಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಹಳೇ ಕಾಂಕ್ರೀಟಿನಿಂದ ಮಾಡಿದ ಜಲ್ಲಿಯನ್ನು ಕಂಬಿ ಇಲ್ಲದ ಕಾಂಕ್ರೀಟಿಗೆ 25%, ಎಂ25 ದರ್ಜೆಯ (ಕಾಂಕ್ರೀಟಿನ ಬಲದ ಅಳತೆ) ವರೆಗಿನ ಆರ್‌ಸಿಸಿಗೆ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿಗೆ, 20%, ಪಾಯದಡಿ ಹಾಕುವ ಬೆಡ್ ಥರದ ಲೀನ್ ಕಾಂಕ್ರೀಟಿಗಾದರೆ ಪೂರ್ತಿ 100% ಬಳಸಬಹುದು. ನಾನು ಕಂಬ, ಬೀಮಿಗೆ ಹಾಕಿಸುವ ಧೈರ್ಯ ಮಾಡಲ್ಲ, ಅಷ್ಟು ಕಟ್ಟುನಿಟ್ಟಾಗಿ ಮಿಕ್ಸ್ ನೋಡಿಕೊಳ್ಳುವವರು ಚಿಕ್ಕ ಸೈಟಿನಲ್ಲಿ ಇರಲ್ಲ. ಗೇಟಿನ ಮುಂದೆ ಹಾಸುವ ಪೇವರ್ ಮಾತ್ರ ಇಂಥದ್ದೇ ತರಿಸಬೇಕು ಅಂತಿದ್ದೇನೆ.

ಯಾರಿಗೆ ಈ ಸರ್ವಿಸ್ ಬೇಕು, ಯಾರಿಗೆ ಬೇಡ? ಇಡೀ ಮನೆ ಒಡೆಸುವವರು ಕರೆಯಿರಿ, ಆದರೆ ಗಾಡಿಯ ಸೈಜು, ಬರುವ ಸಮಯ, ರಸ್ತೆ ಹಾಳಾದರೆ ಯಾರು ಕೊಡಬೇಕು ಅನ್ನುವುದು ಮೂರನ್ನೂ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ. ಬಾತ್‌ರೂಮ್ ಟೈಲ್ಸ್ ಒಡೆಸಿ ಹತ್ತಿಪ್ಪತ್ತು ಮೂಟೆ ಆಗಿದೆ ಅನ್ನುವವರಿಗೆ ಇವರು ಸುಮ್ನೆ ದಂಡ, ಒಂದು ಲೋಡಿಗಿಂತ ಕಡಿಮೆ ಇದ್ದರೂ ಪೂರ್ತಿ ಲೋಡಿನ ದುಡ್ಡು ತೆಗೆದುಕೊಳ್ಳುತ್ತಾರೆ. ಅಂಥವರು ಪಕ್ಕದಲ್ಲಿ ಯಾರಾದರೂ ಕೆಲಸ ಮಾಡಿಸುತ್ತಿದ್ದರೆ ಅವರ ಜೊತೆ ಸೇರಿ ಒಂದು ಗಾಡಿ ಕರೆಸಿಕೊಳ್ಳುವುದು ವಾಸಿ.

ಪಾಯ ತೆಗೆದ ಮಣ್ಣು ಇನ್ನೂ ಬಾಕಿ ಇದೆ. ಅದು ಶುದ್ಧ ಮಣ್ಣು, ಅದನ್ನು ಡೆಬ್ರಿಸ್ ಜೊತೆ ಸೇರಿಸಲು ಬಿಟ್ಟಿಲ್ಲ, ಗಿಡ ಹಾಕುವವರು, ಸೈಟು ತುಂಬಿಸುವವರು ಈಗಾಗಲೇ ಕೇಳುತ್ತಿದ್ದಾರೆ. ಉಳಿದದ್ದಕ್ಕೆ ಇದೇ ಏಜೆನ್ಸಿಗೆ ಹೇಳಿದ್ದೇನೆ. ಚಪ್ಪಡಿ ಎರಡೂ ಹಾಕಿಸಿಕೊಟ್ಟ ಮೇಲೆ ಗಾಡಿ ಕಳಿಸಿ, ಆಗ ಹಳೇ ಬಾಕಿಯನ್ನೂ ಸೇರಿಸಿ ಕೊಡುತ್ತೇನೆ ಅಂತ. ‘ನೋಡ್ತೀವಿ ಮೇಡಂ’ ಅಂದಿದ್ದಾರೆ. ಹಾಕಿಸಿದರೆ ಮಾರ್ಕ್ಸ್ ನಾಲ್ಕು ಮಾಡುತ್ತೇನೆ.